ಬಾಣಂತಿ ತಂಗಿಗೆ ಬೆಣ್ಣೆ ಪಾಸ್ತಾ, ರೊಟ್ಟಿ ಹೆಂಚಿನ ಮೇಲೆ ಸ್ಟೀಕ್

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಬಾತಿಯ ನಮ್ಮ ಮನೆಯಲ್ಲಿ ಸ್ಟೀಕ್ ಮತ್ತು ಪಾಸ್ತಾ ಮಾಡಿದೆ. ಹೀಗೆ ಹೇಳಿದ ಕೂಡಲೇ ಆಫೀಸಿನವರು ನಗ್ತಾರೆ. ಅವರಿಗೆ ದಾವಣಗೆರೆ ಅಂದ್ರೆ ಬೆಣ್ಣೆ ದೋಸೆ, ಮಂಡಕ್ಕಿ, ಮಿರ್ಚಿ ಅಷ್ಟೇ. ಬಾತಿ ಅಂದ್ರೆ ಅದೂ ಇಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಒಂದು ಕೆರೆ, ಒಂದು ಗುಡ್ಡ ಕಾಣ್ಸುತ್ತಲ್ಲ, ಅದೇ ನಮ್ಮೂರು ಅಂತ ಪ್ರತಿ ಸಲ ವಿವರಿಸಬೇಕು.

ಮಾಡಿದ್ದು ಶೋಕಿಗಲ್ಲ. ನನ್ನ ತಂಗಿ ಊಟ ಬಿಟ್ಟಿದ್ದಳು.

ಪೂರ್ತಿ ಬಿಟ್ಟಿದ್ದಳು ಅಂತಲ್ಲ. ಹೆರಿಗೆಗೆ ತವರಿಗೆ ಬಂದವಳು, ಮಗುವಿಗೆ ಎರಡು ತಿಂಗಳಾಗುವ ಹೊತ್ತಿಗೆ ಎರಡು ತುತ್ತು ತಿಂದು ತಟ್ಟೆ ಸರಿಸೋಳು. ‘ಸಾಕಮ್ಮ’ ಅನ್ನೋಳು, ಗೋಡೆ ಕಡೆ ತಿರುಗಿ ಮಲಗೋಳು. ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಬೆಳ್ಳುಳ್ಳಿ ಸುಲಿದು, ಮೆಣಸು ಕುಟ್ಟಿ, ಸಬ್ಬಸಿಗೆ ಸೊಪ್ಪಿನ ಸಾರು, ಮೆಂತ್ಯದ ಹಿಟ್ಟು, ಅಂಟಿನ ಉಂಡೆ ಎಲ್ಲ ಮಾಡಿಡೋರು. ಆ ತಟ್ಟೆ ಹಾಗೇ ಅಡುಗೆಮನೆಗೆ ವಾಪಸ್ ಬಂದಾಗ ಅಮ್ಮನ ಮುಖ ನೋಡೋಕೆ ಆಗ್ತಿರಲಿಲ್ಲ. ‘ನಾ ಇಬ್ಬರ್ನ ಹೆತ್ತೀನಿ, ಇದನ್ನ ಉಂಡೇ ಎದ್ದೀನಿ. ಇವಳಿಗೇನು ಸೇರಂಗಿಲ್ಲ?’ ಅಂತ ಒಲೆ ಹತ್ರ ಗೊಣಗೋರು. ತಂಗಿಗೆ ಅದು ಕೇಳಿಸ್ತಿತ್ತು. ಅಮ್ಮನಿಗೆ ಅವಳ ಅಳು ಕೇಳಿಸ್ತಿತ್ತು. ಇಬ್ಬರೂ ಮಾತಾಡ್ತಿರಲಿಲ್ಲ.

ನಾನು ವಾರಕ್ಕೆ ಮೂರು ದಿನ ಬೆಂಗಳೂರಿನ ಆಫೀಸು, ಉಳಿದ ದಿನ ಮನೆಯಿಂದ ಕೆಲಸ. ಧಾರವಾಡದ ಕಡೆ ಹೋಗೋ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲೋಕೆ ಶುರುವಾದ ಮೇಲೆ ಈ ಓಡಾಟ ಸುಲಭವಾಗಿದೆ. ಹಂಗಾಗಿ ಪ್ರತಿ ವಾರ ಬಂದಾಗ ಅವಳು ಇನ್ನೊಂಚೂರು ಇಳಿದಿರೋದು ನನಗೆ ಕಾಣ್ತಿತ್ತು. ದಿನಾ ನೋಡೋರಿಗೆ ಅದು ಅಷ್ಟು ಗೊತ್ತಾಗಲ್ಲ.

ಅಡುಗೆ ಕಥೆಗೆ ಹೋಗೋ ಮೊದಲು ಒಂದು ಮಾತು. ನಾವು ಮೊದಲು ಹೋಗಿದ್ದು ಡಾಕ್ಟರ್ ಹತ್ರ. ಅವರು ರಕ್ತ ಪರೀಕ್ಷೆ ಬರೆದುಕೊಟ್ಟರು. ಆಮೇಲೆ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟು, ನಮ್ಮನ್ನೆಲ್ಲ ಹೊರಗೆ ಕಳಿಸಿ ಅವಳ ಕೈಲೇ ತುಂಬಿಸಿದರು. 1987ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಎಡಿನ್‌ಬರೋ ಪ್ರಶ್ನಾವಳಿ ಅದು, ಕನ್ನಡದಲ್ಲೂ ಇದೆ. ಹೆರಿಗೆಯಾದ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರೋದು ತುಂಬಾ ಜನರಿಗೆ ಆಗುತ್ತೆ, ತಾನಾಗೇ ಹೋಗುತ್ತೆ. ಎರಡು ವಾರ ದಾಟಿಯೂ ಊಟ, ನಿದ್ದೆ, ಮಾತು ಬೇಡ ಅನಿಸ್ತಿದ್ರೆ ‘ಬಾಣಂತಿ ಸಿಟ್ಟು’ ಅಂತ ಸುಮ್ಮನೆ ಕೂರಬೇಡಿ. 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನಮ್ಮ ತಂಗಿಗೆ ಕೌನ್ಸೆಲಿಂಗ್ ಶುರುವಾಯ್ತು, ಕಬ್ಬಿಣದ ಮಾತ್ರೆ ಮುಂದುವರೀತು. ‘ಏನು ಸೇರುತ್ತೋ ಅದನ್ನ ಕೊಡಿ, ಪಥ್ಯ ಅಂತ ಕಟ್ಟಿಹಾಕಬೇಡಿ’ ಅಂತ ಡಾಕ್ಟರ್ ಅಮ್ಮನ ಮುಂದೆಯೇ ಹೇಳಿದರು. ಪಾಸ್ತಾ ಔಷಧಿ ಅಲ್ಲ, ಅದು ನನಗೂ ಗೊತ್ತು.

ಅವತ್ತು ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, ‘ಏನ್ ತಿನ್ನಬೇಕು ಅನ್ಸುತ್ತೆ ಹೇಳು.’ ಬಹಳ ಹೊತ್ತು ಸುಮ್ಮನಿದ್ದಳು. ಬಾತಿ ಕೆರೆ ಬಂದಾಗ ಹೇಳಿದಳು, ‘ಸಂಬಳದ ದಿನದ ಊಟ.’

ನನಗೆ ತಕ್ಷಣ ಗೊತ್ತಾಯ್ತು. ಅವಳಿಗೆ ಮದುವೆ ಆಗೋ ಮೊದಲು ನಾವಿಬ್ಬರೂ ಬೆಂಗಳೂರಿನಲ್ಲಿ ಬೇರೆ ಬೇರೆ ಪಿ.ಜಿ.ಯಲ್ಲಿದ್ದೆವು. ತಿಂಗಳಿಗೊಂದು ಸಲ, ಸಂಬಳ ಬಂದ ದಿನ, ಎಲ್ಲಾದರೂ ಹೋಗಿ ಚಿಕನ್ ಸ್ಟೀಕ್, ಜೊತೆಗೊಂದು ಬಿಳಿ ಸಾಸಿನ ಪಾಸ್ತಾ. ಮೊದಲ ಸಲ ಹೋಗಿದ್ದು ಮ್ಯೂಸಿಯಂ ರಸ್ತೆಯ ‘ದಿ ಓನ್ಲಿ ಪ್ಲೇಸ್’ಗೆ. 1960ರ ದಶಕದಿಂದ ಬೆಂಗಳೂರಿಗೆ ಸ್ಟೀಕ್ ರುಚಿ ತೋರಿಸಿದ ಹೋಟೆಲುಗಳಲ್ಲಿ ಅದೂ ಒಂದು. ಚಾಕು ಯಾವ ಕೈಲಿ, ಫೋರ್ಕ್ ಯಾವ ಕೈಲಿ ಅಂತ ಪಕ್ಕದ ಟೇಬಲ್ ನೋಡಿ ಕಲ್ತಿದ್ದು. ದನದ ಮಾಂಸ ನಮ್ಮ ಮನೆಯಲ್ಲಿಲ್ಲ, ಅದಕ್ಕೆ ಯಾವಾಗಲೂ ಚಿಕನ್ನೇ. ಬಿಲ್ ಮಾತ್ರ ಸರದಿ ಪ್ರಕಾರ. ಅವಳ ಸರದಿ ಬಂದಾಗ ಅವಳ ಗತ್ತೇ ಬೇರೆ. ಆ ಕಾರ್ಡು, ಆ ಸಂಬಳ, ಆ ಮೇಜು, ಅದೆಲ್ಲ ಇದ್ದ ಹುಡುಗಿ ಈಗ ತಲೆಗೆ ಬಟ್ಟೆ ಕಟ್ಕೊಂಡು, ಕಿಟಕಿ ಮುಚ್ಚಿದ ರೂಮಲ್ಲಿ ಕೂತಿದ್ದಳು. ಅವಳು ಕೇಳಿದ್ದು ಬರೀ ಊಟ ಅಲ್ಲ ಅನ್ನೋದು ನನ್ನಂಥ ದಡ್ಡನಿಗೂ ತಿಳೀತು.

ಮೊದಲ ಪ್ರಯತ್ನ ಪೂರಾ ನೆಗೆದುಬಿತ್ತು. ಅದನ್ನೂ ಹೇಳ್ತೀನಿ, ನೀವು ಅದೇ ತಪ್ಪು ಮಾಡೋದು ಬೇಡ.

ಮಾಂಸ: ಚಿಕನ್ ಬೇಡ, ಕಬ್ಬಿಣಾಂಶ ಜಾಸ್ತಿ ಇರೋ ಮಟನ್ ಇರಲಿ ಅಂತ ನಿರ್ಧರಿಸಿದೆ. ದಾವಣಗೆರೆಯ ಅಂಗಡಿಯಲ್ಲಿ ‘ತೊಡೆ ಭಾಗ, ಮೂಳೆ ಸಮೇತ ಅಡ್ಡಕ್ಕೆ, ಒಂದಿಂಚು ದಪ್ಪ ಬಿಲ್ಲೆ’ ಅಂದೆ. ಅಂಗಡಿಯವರು ಕತ್ತಿ ಕೆಳಗಿಟ್ಟು, ‘ಬಿರಿಯಾನಿಗಾ? ಬೇಯಂಗಿಲ್ಲ ನೋಡ್ರಿ’ ಅಂದರು. ‘ಅಲ್ಲ, ಸ್ಟೀಕ್‌ಗೆ’ ಅಂದೆ. ‘ಅದಕ್ಕೂ ಬೇಯಂಗಿಲ್ಲ’ ಅಂದರು. ಅವರು ಹೇಳಿದ್ದೇ ನಿಜವಾಯ್ತು. ವಿಡಿಯೋದಲ್ಲಿ ತೋರಿಸಿದಂತೆ ಬರೀ ಉಪ್ಪು, ಮೆಣಸು ಹಾಕಿ ಬಾಣಲೆಯಲ್ಲಿ ಕಡೆಗೆ ನಾಲ್ಕು ನಿಮಿಷ ಸುಟ್ಟೆ. ಹೊರಗೆ ಚೆಂದದ ಬಣ್ಣ, ಕಚ್ಚಿದ್ರೆ ಚಪ್ಪಲಿ.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ವಿದೇಶಿ ವಿಡಿಯೋಗಳ ಸ್ಟೀಕ್ ದನದ ಬೆನ್ನಿನ ಭಾಗದ್ದು. ಆ ಸ್ನಾಯು ಜಾಸ್ತಿ ದುಡಿಯಲ್ಲ, ಅದಕ್ಕೇ ಮೆತ್ತಗೆ. ನಮ್ಮ ಮೇಕೆ ದಿನವಿಡೀ ಗುಡ್ಡ ಹತ್ತಿ ಇಳಿಯೋ ಪ್ರಾಣಿ. ಅದರ ತೊಡೆಯಲ್ಲಿ ಕೊಲಾಜೆನ್ ಅನ್ನೋ ಅಂಟುನಾರು ತುಂಬಾ ಇರುತ್ತೆ. ಜೋರು ಉರಿಯಲ್ಲಿ ಬೇಗ ಸುಟ್ರೆ ಆ ನಾರು ಬಿಗಿದುಕೊಳ್ಳುತ್ತೆ. ನೀರಿನ ಹಬೆಯಲ್ಲಿ ನಿಧಾನಕ್ಕೆ ಬೇಯಿಸಿದ್ರೆ ಮಾತ್ರ ಕರಗಿ ಜಿಲಾಟಿನ್ ಆಗುತ್ತೆ, ಕಾಲು ಸೂಪು ತಣ್ಣಗಾದಾಗ ಗಟ್ಟಿಯಾಗುತ್ತಲ್ಲ, ಅದೇ. ಪಪ್ಪಾಯ ಕಾಯಿ ಅರೆದು ಹಚ್ಚಿದ್ರೂ ಮೆತ್ತಗಾಗುತ್ತೆ. ಆದರೆ ಬಾಣಂತಿ ಮನೇಲಿ ಪಪ್ಪಾಯ ಅಂದ ಕೂಡಲೇ ಅಮ್ಮ ನನ್ನನ್ನ ನೋಡಿದ ನೋಟಕ್ಕೆ ಆ ಐಡಿಯಾ ಅಲ್ಲೇ ಸತ್ತಿತು.

ಪಾಸ್ತಾ: ಅಂಗಡಿಯ ಕ್ರೀಮ್ ಬೇಡ, ಮನೆ ಹಾಲಿನ ಕೆನೆ ಒಳ್ಳೇದು ಅಂತ ಫ್ರಿಜ್‌ನಲ್ಲಿ ನಾಲ್ಕು ದಿನದಿಂದ ಕೂಡಿಟ್ಟಿದ್ದ ಕೆನೆ ಸುರಿದೆ. ಕುದಿ ಬಂದ ಕೂಡಲೇ ಒಡೆದು ಮೊಸರು ಮೊಸರು. ಕೂಡಿಟ್ಟ ಕೆನೆಗೆ ಕಣ್ಣಿಗೆ ಕಾಣದಷ್ಟು ಹುಳಿ ಬಂದಿರುತ್ತೆ. ಹುಳಿ ಮತ್ತು ಬಿಸಿ ಸೇರಿದ್ರೆ ಹಾಲಿನ ಪ್ರೋಟೀನ್ ಗಂಟು ಕಟ್ಟುತ್ತೆ. ಪನೀರ್ ಮಾಡೋದೂ ಹಿಂಗೇ ತಾನೇ. ತಂಗಿ ಬಂದು ನೋಡಿ ಏನೂ ಅನ್ನದೆ ಹೋದಳು. ಅವಳು ಬೈದಿದ್ರೂ ಚೆನ್ನಾಗಿರ್ತಿತ್ತು.

ಆ ವಾರ ಆಫೀಸಿನ ಊಟದ ಹೊತ್ತಲ್ಲಿ ಕ್ರೀಮ್ ಪಾಸ್ತಾದ ಮೂಲ ಹುಡುಕ್ತಾ ಕೂತೆ. ಆಗ ಸಿಕ್ಕಿದ್ದು ಅಲ್ಫ್ರೆಡೋ ಕಥೆ. ನಾವು ಹೋಟೆಲಿನಲ್ಲಿ ‘ಅಲ್ಫ್ರೆಡೋ’ ಅಂತ ಆರ್ಡರ್ ಮಾಡ್ತೀವಲ್ಲ, ಅದು ರೋಮ್ ನಗರದ ಹೋಟೆಲಿನವ ಅಲ್ಫ್ರೆಡೋ ದಿ ಲೆಲಿಯೋ ಅವರ ಹೆಸರು. ಅವರ ಮನೆಯವರು ಹೇಳೋ ಪ್ರಕಾರ 1908ರ ಸುಮಾರಿಗೆ ಅವರ ಹೆಂಡತಿ ಇನೆಸ್ ಮಗ ಹುಟ್ಟಿದ ಮೇಲೆ ಬಹಳ ಸೊರಗಿದ್ದರು, ಊಟ ಸೇರ್ತಿರಲಿಲ್ಲ. ಆಕೆಗೋಸ್ಕರ ಆತ ಹೊಸದಾಗಿ ಮಾಡಿದ ಪಾಸ್ತಾಕ್ಕೆ ಧಾರಾಳ ಬೆಣ್ಣೆ, ಪಾರ್ಮೆಸಾನ್ ಚೀಸ್ ಕಲಸಿ ಕೊಟ್ಟರು. ಅದೇ ಮುಂದೆ ಅವರ ಹೋಟೆಲಿನ ಹೆಸರುವಾಸಿ ತಿಂಡಿ ಆಯ್ತು. 1920ರಲ್ಲಿ ಹಾಲಿವುಡ್ ತಾರೆಗಳಾದ ಮೇರಿ ಪಿಕ್‌ಫೋರ್ಡ್ ಮತ್ತು ಡಗ್ಲಸ್ ಫೇರ್‌ಬ್ಯಾಂಕ್ಸ್ ಮಧುಚಂದ್ರಕ್ಕೆ ಹೋದಾಗ ಅಲ್ಲಿ ತಿಂದು, ಅಮೆರಿಕಕ್ಕೆ ಸುದ್ದಿ ಹಬ್ಬಿಸಿದರು. ಕ್ರೀಮ್ ಸೇರಿದ್ದು ಆಮೇಲೆ, ಅಮೆರಿಕದಲ್ಲಿ. ಮೂಲದಲ್ಲಿ ಕ್ರೀಮೇ ಇಲ್ಲ!

ಅಂದ್ರೆ ಅದು ಬಾಣಂತಿ ಊಟ. ಓದಿ ಕುರ್ಚಿಯಲ್ಲೇ ನೆಟ್ಟಗೆ ಕೂತೆ. ಬೆಣ್ಣೆಯೇ ಮುಖ್ಯ ಅಂದಮೇಲೆ ದಾವಣಗೆರೆಯವರಿಗೆ ಇನ್ಯಾರು ಪಾಠ ಹೇಳಬೇಕು? ನಮ್ಮ ಬೆಣ್ಣೆ ದೋಸೆಯ ಕಥೆಯೂ ಒಬ್ಬ ತಾಯಿಯಿಂದಲೇ ಶುರುವಾಗೋದು. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕರ್ಕೊಂಡು ಬಂದ ಚೆನ್ನಮ್ಮ ಅನ್ನೋರು ಇಲ್ಲಿ ದೋಸೆ ಹಾಕೋಕೆ ಕೂತರು ಅಂತಾರೆ.

ಶುಕ್ರವಾರ ರಾತ್ರಿ ಮನೆಗೆ ಬಂದವನೇ ಅಮ್ಮನಿಗೆ ಇನೆಸ್ ಕಥೆ ಹೇಳಿದೆ. ಹೂಂ ಅನ್ನದೆ ಕೇಳಿದರು. ಆಮೇಲೆ, ‘ಆ ಪಾಸ್ತಾ ಅನ್ನೋದು ಏನಪ್ಪಾ, ಮೈದಾನಾ?’ ಅಂದರು. ಪ್ಯಾಕೆಟ್ ತೋರಿಸಿದೆ, ಡ್ಯೂರಮ್ ಗೋಧಿಯ ರವೆ. ‘ಜವೆ ಗೋಧಿ ಥರದ್ದು’ ಅಂದೆ. ಜವೆ ಗೋಧಿ ಬೇರೆ ಜಾತಿ, ಆದರೆ ಡ್ಯೂರಮ್‌ನ ಹತ್ತಿರದ ನಂಟ. ಎರಡೂ ಗಟ್ಟಿ ಕಾಳು, ಬೇಯಿಸಿದ್ರೆ ಮುದ್ದೆಯಾಗಲ್ಲ. ಅದಕ್ಕೇ ನಮ್ಮ ಕಡೆ ಶಾವಿಗೆಗೆ ಜವೆ ಗೋಧಿಯೇ ಬೇಕು ಅನ್ನೋದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರಲ್ಲಿ ಹೊಸ ತಳಿಗಳನ್ನೇ ತಂದಿದ್ದಾರೆ.

‘ಹಂಗಾರೆ ಬಸಿದ ಶಾವಿಗಿ ಇದ್ದಂಗ’ ಅಂದರು ಅಮ್ಮ. ‘ಹೂಂ, ಅಷ್ಟೇ.’ ‘ಮತ್ತ ಆ ಬಸಿದ ನೀರು ಏನ್ ಮಾಡ್ತಿ?’ ‘ಸಿಂಕಿಗೆ.’ ಅಮ್ಮ ತಲೆ ಚಚ್ಚಿಕೊಂಡರು. ‘ಹೋಳಿಗಿ ಮಾಡಿದಾಗ ಬೇಳಿ ಬಸಿದ ಕಟ್ಟು ಚೆಲ್ತೀವೇನೋ? ಅದ್ರಾಗ ಐತಿ ರುಚಿ.’

ನಿಜ ಹೇಳಬೇಕು ಅಂದ್ರೆ ನಾನು ಓದಿದ್ದ ಪಾಕಗಳೆಲ್ಲ ಅದನ್ನೇ ಹೇಳಿದ್ವು, ನಾನೇ ಲೆಕ್ಕಕ್ಕೆ ಇಟ್ಟಿರಲಿಲ್ಲ. ಪಾಸ್ತಾ ಬೆಂದ ನೀರಲ್ಲಿ ಗಂಜಿಯ ಅಂಶ ಇರುತ್ತೆ. ಬೆಣ್ಣೆಯ ಜಿಡ್ಡು ಮತ್ತು ನೀರು ತಾವಾಗೇ ಸೇರಲ್ಲ, ಗಂಜಿ ನಡುವೆ ನಿಂತು ಎರಡನ್ನೂ ಹಿಡಿದಿಡುತ್ತೆ. ಅದೇ ಕೆನೆಯಂಥ ಸಾಸ್. ಕಟ್ಟಿನ ಸಾರು ಮಾಡೋ ಅಮ್ಮಂದಿರಿಗೆ ಇದನ್ನ ಹೇಳಿಕೊಡಬೇಕಿಲ್ಲ.

ಅಲ್ಲಿಂದ ಅಡುಗೆಮನೆ ನನ್ನೊಬ್ಬನದಾಗಿ ಉಳೀಲಿಲ್ಲ. ಮಟನ್ ಬಿಲ್ಲೆಗಳನ್ನ ಏನು ಮಾಡೋದು ಅಂತ ಕೇಳಿದ್ದಕ್ಕೆ, ‘ಮೊದ್ಲು ಕುಕ್ಕರ್‌ನಾಗ ಹಾಕು, ಆಮ್ಯಾಲೆ ಹೆಂಚಿನ ಮ್ಯಾಲೆ ಸುಡು’ ಅಂದರು. ಹಿಂಗೆ ಮಾಡಿದ್ದನ್ನ ಸ್ಟೀಕ್ ಅನ್ನಬೇಕೋ ಬೇಡವೋ ಗೊತ್ತಿಲ್ಲ. ಬೆಂಗಳೂರಿನ ಶೆಫ್‌ಗಳು ಕೇಳಿದ್ರೆ ನಗಬಹುದು. ನಗಲಿ ಬಿಡಿ, ಅವರ ಅಡುಗೆಗೆ ನಮ್ಮ ಮೇಕೆ ಬೇಯಲ್ಲ.

ಐದು ಜನಕ್ಕೆ ಅಂತ ಮಾಡಿದ ಲೆಕ್ಕ ಕೊಡ್ತೀನಿ. ಐದನೆಯವರು ಭಾವ, ಆ ಶನಿವಾರ ಬಂದಿದ್ದರು.

ಒಂದಿಂಚು ದಪ್ಪದ ತೊಡೆ ಬಿಲ್ಲೆ ಐದು, ಮೂಳೆ ಸಮೇತ ಒಂದು ಕೆ.ಜಿ. ಹತ್ತಿರ. ಎಳೆಯ ಮೇಕೆಯದು ಕೇಳಿ. ಹಿಂದಿನ ರಾತ್ರಿಯೇ ಉಪ್ಪು ಸವರಿ ಫ್ರಿಜ್‌ನಲ್ಲಿಡಿ. ಮರುದಿನ ಜಜ್ಜಿದ ಬೆಳ್ಳುಳ್ಳಿ, ಹತ್ತು ಕಾಳು ಮೆಣಸು, ಒಂದು ಲೋಟ ನೀರು ಹಾಕಿ ಕುಕ್ಕರ್‌ನಲ್ಲಿ ಎರಡು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಮೂಳೆ ಬಿಟ್ಟು ಬರುವಷ್ಟು ಬೇಯಿಸಬೇಡಿ, ಚಾಕು ಸುಲಭಕ್ಕೆ ಇಳಿದ್ರೆ ಸಾಕು. ಆ ನೀರಲ್ಲೇ ಆರಲು ಬಿಡಿ. ಹೊರಗೆ ತೆಗೆದು ಬಟ್ಟೆಯಿಂದ ಒತ್ತಿ ಒರೆಸಿ. ಈ ಒರೆಸೋದನ್ನ ದಯವಿಟ್ಟು ಬಿಡಬೇಡಿ. ಮಾಂಸದ ಮೇಲೆ ನೀರಿದ್ರೆ ಹೆಂಚಿನ ಶಾಖವೆಲ್ಲ ಆ ನೀರನ್ನ ಆವಿ ಮಾಡೋಕೇ ಖರ್ಚಾಗುತ್ತೆ, ಅಲ್ಲಿವರೆಗೂ 100 ಡಿಗ್ರಿ ಸೆಲ್ಸಿಯಸ್ ದಾಟಲ್ಲ. ಕಂದು ಬಣ್ಣ ಮತ್ತು ಆ ಘಮ ಬರೋದು 140 ಡಿಗ್ರಿ ಆಸುಪಾಸಿನಿಂದ. ಇದನ್ನ 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಹೆಸರಲ್ಲೇ ಈ ಕ್ರಿಯೆಯನ್ನ ಕರೀತಾರೆ. ದೋಸೆ ಕೆಂಪಗೆ ಗರಿಯಾಗೋದೂ ಇದರಿಂದಲೇ.

ನಾನ್‌ಸ್ಟಿಕ್ ಬೇಡ. ಜೋಳದ ರೊಟ್ಟಿ ಸುಡೋ ಕಬ್ಬಿಣದ ಹೆಂಚು ಇದ್ರೆ ಅದಕ್ಕಿಂತ ಒಳ್ಳೇದು ಯಾವ ಅಂಗಡೀಲೂ ಸಿಗಲ್ಲ. ದಪ್ಪ ಕಬ್ಬಿಣ ಶಾಖ ಹಿಡಿದಿಟ್ಟುಕೊಳ್ಳುತ್ತೆ, ತಣ್ಣನೆ ಮಾಂಸ ಇಟ್ರೂ ಸೊರಗಲ್ಲ. ಚೆನ್ನಾಗಿ ಕಾಯಿಸಿ, ಒಂದು ಚಮಚ ಎಣ್ಣೆ ಸವರಿ, ಒಂದೊಂದು ಮಗ್ಗುಲು ಎರಡು ನಿಮಿಷ. ಬೆಣ್ಣೆ ಮೊದಲೇ ಹಾಕಬೇಡಿ, ಅದರಲ್ಲಿರೋ ಹಾಲಿನ ಅಂಶ ಹೊತ್ತಿ ಕಹಿಯಾಗುತ್ತೆ. ಕೊನೆಯ ನಿಮಿಷದಲ್ಲಿ ಉರಿ ತಗ್ಗಿಸಿ ನಿಂಬೆ ಗಾತ್ರದ ಬೆಣ್ಣೆ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಕಡ್ಡಿ ಕರಿಬೇವು ಹಾಕಿ, ನೊರೆ ಬಂದ ಬೆಣ್ಣೆಯನ್ನ ಚಮಚದಲ್ಲಿ ಮೇಲೆ ಮೇಲೆ ಸುರೀತಾ ಇರಿ. ಆ ವಾಸನೆಗೆ ಅಪ್ಪ ಟಿ.ವಿ. ಬಿಟ್ಟು ಎದ್ದು ಬಂದರು. ಕುಕ್ಕರಿನಲ್ಲಿ ಉಳಿದ ರಸವನ್ನ ಅದೇ ಹೆಂಚಿನ ಪಕ್ಕದಲ್ಲೊಂದು ಬಾಣಲೆಯಲ್ಲಿ ಅರ್ಧಕ್ಕೆ ಇಂಗಿಸಿ, ಕುಟ್ಟಿದ ಮೆಣಸು, ಚೂರು ಬೆಣ್ಣೆ ಹಾಕಿದ್ರೆ ಪೆಪ್ಪರ್ ಸಾಸ್. ಮೆಣಸು ಕುಟ್ಟಿದ್ದು ಅಮ್ಮ, ಬಾಣಂತಿ ಸಾರಿನ ಅಳತೆಯಲ್ಲೇ.

ಪಾಸ್ತಾಕ್ಕೆ ಪೆನ್ನೆ 400 ಗ್ರಾಂ, ನೀರು ನಾಲ್ಕು ಲೀಟರ್, ಉಪ್ಪು 40 ಗ್ರಾಂ. ಪ್ಯಾಕೆಟ್ ಮೇಲೆ ಬರೆದಿದ್ದಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಿ, ಎರಡು ಸೌಟು ನೀರು ಎತ್ತಿಟ್ಟುಕೊಂಡು ಬಸಿಯಿರಿ. ಇನ್ನೊಂದು ಬಾಣಲೆಯಲ್ಲಿ 80 ಗ್ರಾಂ ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಬಾಡಿಸಿ, ಒಂದು ಸೌಟು ಗಂಜಿನೀರು, ಪಾಸ್ತಾ ಹಾಕಿ ಎರಡು ನಿಮಿಷ ಜೋರಾಗಿ ಕಲಕಿ. ಒಲೆ ಆರಿಸಿ ನಾಲ್ಕು ಕ್ಯೂಬ್ ಚೀಸ್ ತುರಿದು ಹಾಕಿ ಮತ್ತೆ ಕಲಕಿ. ಪಾರ್ಮೆಸಾನ್ ನಮ್ಮ ಅಂಗಡಿಗಳಲ್ಲಿ ಸಿಗಲಿಲ್ಲ, ಸಿಕ್ಕಿದ್ರೂ ಆ ರೇಟಿಗೆ ನಾನು ತರ್ತಿರಲಿಲ್ಲ. ಕ್ಯೂಬ್ ಚೀಸಿಗೆ ಒಂದು ಅನುಕೂಲ ಇದೆ. ಪ್ಯಾಕೆಟ್ ಹಿಂದೆ ಸೋಡಿಯಂ ಸಿಟ್ರೇಟ್ ಅಂತ ಬರೆದಿರುತ್ತೆ ನೋಡಿ, ಅದರಿಂದಾಗಿ ಗಂಟು ಕಟ್ಟದೆ ನುಣ್ಣಗೆ ಕರಗುತ್ತೆ. ಅದರಲ್ಲೇ ಉಪ್ಪು ಇರೋದರಿಂದ ಮತ್ತೆ ಉಪ್ಪು ಹಾಕಬೇಡಿ. ಗಟ್ಟಿ ಅನಿಸಿದ್ರೆ ಉಳಿದ ಗಂಜಿನೀರು. ಪಾಸ್ತಾ ಕಾಯಲ್ಲ, ಜನ ಕಾಯಬೇಕು. ಹತ್ತು ನಿಮಿಷ ಬಿಟ್ರೆ ಅಂಟು.

ಮಾಂಸ ತಿನ್ನದವರ ಮನೆಗೆ ಸುವರ್ಣಗೆಡ್ಡೆ ಇದೆ. ದಪ್ಪ ಬಿಲ್ಲೆ ಕೊಯ್ದು, ನಾಲಿಗೆ ತುರಿಸದಂತೆ ಹುಣಸೆ ನೀರಲ್ಲಿ ಬೇಯಿಸಿ, ಒರೆಸಿ, ಇದೇ ಥರ ಹೆಂಚಿನ ಮೇಲೆ ಬೆಣ್ಣೆಯಲ್ಲಿ ಸುಟ್ರೆ ಆಯ್ತು. ಪಕ್ಕದ ಮನೆಯವರಿಗೆ ಹಂಗೇ ಮಾಡಿಕೊಟ್ಟೆ, ಪಾತ್ರೆ ವಾಪಸ್ ಬರುವಾಗ ಖಾಲಿ ಬರಲಿಲ್ಲ.

ರಾತ್ರಿ ಎಂಟೂವರೆಗೆ ಟೇಬಲ್ ಹಾಕಿದೆ. ಟೇಬಲ್ ಅಂದ್ರೆ ನಾನು ಲ್ಯಾಪ್‌ಟಾಪ್ ಇಡೋ ಮೇಜು, ಮೇಲೊಂದು ಬೆಡ್‌ಶೀಟ್. ಮನೇಲಿದ್ದದ್ದು ಒಂದೇ ಫೋರ್ಕ್, ಅದನ್ನ ತಂಗಿ ಜಾಗದಲ್ಲಿಟ್ಟೆ. ಅವಳು ರೂಮಿನಿಂದ ಬಂದು, ಮೇಜು ನೋಡಿ, ಫೋರ್ಕ್ ನೋಡಿ, ‘ಬಿಲ್ ಯಾರ ಸರದಿ?’ ಅಂದಳು. ಎಷ್ಟೋ ವಾರದ ಮೇಲೆ ಅವಳ ಬಾಯಲ್ಲಿ ಕೇಳಿದ ಮೊದಲ ತಮಾಷೆ ಅದು. ‘ನಿಂದೇ, ಮೆಟರ್ನಿಟಿ ಲೀವಲ್ಲೂ ಸಂಬಳ ಬರುತ್ತಲ್ಲ’ ಅಂದೆ.

ಎರಡು ತುತ್ತು ತಿಂದಳೋ ಇಲ್ಲವೋ, ಮಗು ಎದ್ದು ಅಳೋಕೆ ಶುರು. ನಾನು ಎತ್ತಿಕೊಂಡೆ, ಭಾವ ಎತ್ತಿಕೊಂಡರು, ಸುಮ್ಮನಾಗಲಿಲ್ಲ. ಅದಕ್ಕೆ ಅಮ್ಮನೇ ಬೇಕು. ತಂಗಿ ಮಗುವನ್ನ ಹೆಗಲಿಗೆ ಹಾಕ್ಕೊಂಡು ತಟ್ಟುತ್ತಾ ನಿಂತಳು, ಎರಡೂ ಕೈ ಹೋಯ್ತು. ತಟ್ಟೆ ಆರ್ತಾ ಇತ್ತು. ಪಾಸ್ತಾ ಅಂಟಾಗುತ್ತೆ ಅಂತ ನನ್ನ ಎದೆ ಹೊಡ್ಕೊಳ್ತಿತ್ತು.

ಅಮ್ಮ ಎದ್ದರು. ಫೋರ್ಕ್ ಪಕ್ಕಕ್ಕೆ ಸರಿಸಿ, ಮಾಂಸವನ್ನ ಕೈಯಲ್ಲೇ ಎಳೆ ಎಳೆ ಬಿಡಿಸಿ, ಪಾಸ್ತಾ ಜೊತೆ ಸಾಸಿನಲ್ಲಿ ಹೊರಳಿಸಿ, ಒಂದು ತುತ್ತು ಮಾಡಿ ಅವಳ ಬಾಯಿ ಹತ್ರ ಹಿಡಿದರು. ಅವಳು ತಿಂದಳು. ಇನ್ನೊಂದು ತುತ್ತು, ತಿಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ, ಮಗುವನ್ನ ನೋಡ್ತಿದ್ದರು. ಹಾಗೆ ನಿಂತುಕೊಂಡೇ ಆ ತಟ್ಟೆ ಮುಗೀತು. ಅಪ್ಪ ಮಾತಿಲ್ಲದೆ ತಮ್ಮ ತಟ್ಟೆಯಿಂದ ಎರಡು ಚಮಚ ಪಾಸ್ತಾ ಆ ತಟ್ಟೆಗೆ ಹಾಕಿದರು, ಅದೂ ಮುಗೀತು.

ಅಮ್ಮ ಕೊನೆಗೆ ಬೆರಳಿಗೆ ಅಂಟಿದ್ದ ಸಾಸ್ ನೆಕ್ಕಿ ನೋಡಿದರು. ‘ಇನ್ನೊಂಚೂರು ಮೆಣಸು ಬೇಕಿತ್ತು’ ಅಂದರು.

‘ಮುಂದಿನ ಶನಿವಾರ ಹಾಕು’ ಅಂದಳು ತಂಗಿ.